ಕೋಶದೊಳಗಿನ ಟೋಕನ್ ಲೆಕ್ಕ

ಬೆಂಗಳೂರಿನ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶ ಅಂದರೆ ಲಾರಿ, ಧೂಳು, ಲೇತ್ ಮಷಿನ್ನು ಅಂದುಕೊಂಡಿದ್ದೆ. ಅಲ್ಲೇ ಯೂರೋಫಿನ್ಸ್ ಜೀನೋಮಿಕ್ಸ್‌ನವರ ಲ್ಯಾಬೂ ಇದೆ, ಜೀನ್ ಓದುವುದೇ ಅವರ ಕಸುಬು! ಜೀನನ್ನು ಓದುವುದೆಂದರೇನು, ಅಳೆಯುವುದೆಂದರೇನು ಎಂದು ಕೆದಕುತ್ತ ಹೋದವನಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ನಮ್ಮ ದರ್ಶಿನಿಯನ್ನೇ ನೋಡಿ. ಬೋರ್ಡಿನ ಮೇಲೆ ಐವತ್ತು ತಿಂಡಿ. ಒಳಗೆ ಈಗ ಬೇಯುತ್ತಿರುವುದೇನು ಎಂದು ತಿಳಿಯಬೇಕಾದರೆ ಕೌಂಟರಿನಿಂದ ಹೊರಟ ಟೋಕನ್ ಎಣಿಸಬೇಕು. ಕೋಶದಲ್ಲಿ ಡಿಎನ್‌ಎ ಆ ಬೋರ್ಡು, ಆರ್‌ಎನ್‌ಎ ಟೋಕನ್ನು. ಕ್ಯಾನ್ಸರ್ ಕೋಶದಲ್ಲಿ ಬೆಳೆ, ಒಡೆ, ಮತ್ತೆ ಬೆಳೆ ಎನ್ನುವ ಟೋಕನ್ ಸುರಿಯುತ್ತಲೇ ಇರುತ್ತದೆ.

ಈ ಆರ್‌ಎನ್‌ಎ ಟೋಕನ್ನೋ ಬಲು ನಾಜೂಕು. ಬರಿಗೈ ತಾಗಿದರೆ ನಮ್ಮ ಚರ್ಮದ ಮೇಲಿನ ಕಿಣ್ವವೇ ಅದನ್ನು ಚೂರು ಮಾಡುತ್ತದೆ. ಅದಕ್ಕೇ ಕೈಗವಸು, ಐಸು, ಮೈನಸ್ 80 ಡಿಗ್ರಿ ಫ್ರೀಜರ್. ಎಣಿಸುವ ಮೊದಲು ಅದನ್ನು ಗಟ್ಟಿ ಡಿಎನ್‌ಎಯಾಗಿ ನಕಲು ಮಾಡಿಕೊಳ್ಳಬೇಕು. ಆ ನಕಲುಗಾರ ಕಿಣ್ವ ಸಿಕ್ಕಿದ್ದೆಲ್ಲಿ ಗೊತ್ತೇ? 1970ರಲ್ಲಿ, ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಹುಡುಕುತ್ತಿದ್ದಾಗ, ಕ್ಯಾನ್ಸರ್ ತರುವ ವೈರಸ್ಸುಗಳಲ್ಲಿ! ಇಂದಿಗೂ ಎಷ್ಟೋ ಲ್ಯಾಬ್ ಕಿಟ್‌ಗಳಲ್ಲಿ ಇರುವುದು ಇಲಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ಸಿನಿಂದ ಬಂದ ಕಿಣ್ವ. ಕಳ್ಳನ ಕೈಯಲ್ಲೇ ಕಳವಿನ ಲೆಕ್ಕ ಬರೆಸಿದ ಹಾಗೆ.

ಆಮೇಲೆ ಆ ನಕಲನ್ನು ಮತ್ತೆ ಮತ್ತೆ ಇಮ್ಮಡಿಸುವ ಪಿಸಿಆರ್. 96 ಪುಟ್ಟ ಗುಳಿಗಳ ತಟ್ಟೆ, ಒಂದೊಂದರಲ್ಲೂ ಒಂದು ಹನಿಗಿಂತ ಕಡಿಮೆ ದ್ರವ. ಕಾಯಿಸು, ತಣಿಸು, ಒಂದು ಎರಡಾಯಿತು, ಎರಡು ನಾಲ್ಕು, ಹತ್ತು ಸುತ್ತಿಗೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷದ ಮೇಲೆ! ನಕಲು ಹೆಚ್ಚಿದಂತೆ ಬಣ್ಣ ಮಿನುಗುತ್ತದೆ, ಪರದೆಯ ಮೇಲೆ ಮಲಗಿದ್ದ ಗೆರೆ ಹೆಡೆ ಎತ್ತುತ್ತದೆ. ಎಷ್ಟನೇ ಸುತ್ತಿನಲ್ಲಿ ಎದ್ದಿತು ಎಂಬುದೇ ಸಿಟಿ ಮೌಲ್ಯ. ಹೌದು, ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬಂದ ಅದೇ ಸಿಟಿ. ಮೂರು ಸುತ್ತು ಮೊದಲೇ ಎದ್ದರೆ ಟೋಕನ್ ಎಂಟು ಪಟ್ಟು ಇತ್ತೆಂದು ಅರ್ಥ.

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಜೋಡುಜೀನ್ ಹುಟ್ಟುತ್ತದೆ. ಅರ್ಧ ಪೂರಿ, ಅರ್ಧ ಕಾಫಿ ಎಂದು ಅಚ್ಚಾದ ಟೋಕನ್! ಈ ಕಾಯಿಲೆಗೆ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಇದನ್ನೇ ಎಣಿಸುತ್ತಾರೆ, ಪಕ್ಕದಲ್ಲಿ ಸದಾ ಓಡುವ ಇನ್ನೊಂದು ಜೀನಿನ ಟೋಕನ್ ಇಟ್ಟು ತಾಳೆ ನೋಡುತ್ತಾರೆ. ಶುರುವಿನ ಮಟ್ಟ 100 ಎಂದಿಟ್ಟುಕೊಂಡರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನಲು ಅದು 0.1ಕ್ಕೆ ಇಳಿಯಬೇಕು, ಅಂದರೆ ಸಾವಿರ ಪಟ್ಟು ಕಡಿಮೆ. ಪರದೆಯ ಮೇಲೆ ಅದು ಹತ್ತು ಸುತ್ತಿನ ತಡ, ಅಷ್ಟೇ. ಬರಬೇಕಾದ ಹೊತ್ತಿಗೆ ಗೆರೆ ಏಳುವುದಿಲ್ಲ, ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಇನ್ನೂ ಮಲಗಿಯೇ ಇದೆ.