ಮೂವತ್ತು ಡಿಗ್ರಿಯ ನಾಲ್ಕು ಮನೆ

ಪ್ರಥಮ ಪಿಯುಸಿ, ಗಣಿತದ ಪೀರಿಯಡ್ಡು. ಮೇಡಂ ಚಾಕ್‌ಪೀಸಿಗೆ ದಾರ ಸುತ್ತಿ, ದಾರದ ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಬೋರ್ಡಿಗೆ ಒತ್ತಿ ಹಿಡಿದು ಒಂದು ವೃತ್ತ ಎಳೆದರು. ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಬಿದ್ದು ವೃತ್ತ ನಾಲ್ಕು ಪಾಲಾಯಿತು. ತ್ರಿಜ್ಯ 1. ಪಕ್ಕದಲ್ಲಿ ಪ್ರಶ್ನೆ: ಯಾವ ಕೋನದ ಸೈನ್ ಬೆಲೆ −1/2?

"ಮೈನಸ್ ಮೂವತ್ತು ಮೇಡಂ, ಕ್ಯಾಲ್ಕುಲೇಟರ್ ತೋರಿಸ್ತಿದೆ."

"ಸರಿಯಾಗೇ ಇದೆಯಪ್ಪ. ಆದ್ರೆ ಸೊನ್ನೆಯಿಂದ ಮುನ್ನೂರರವತ್ತರ ಒಳಗೆ ಎಲ್ಲೆಲ್ಲಿ ಸಿಗುತ್ತೆ, ಅದು ಬೇಕು ನನಗೆ."

ಮೊದಲು ಅವರು ಮೈನಸ್ ಚಿಹ್ನೆಯನ್ನು ಅಂಗೈಯಿಂದ ಮುಚ್ಚಿದರು. ಕಾಣುವುದು ಬರೀ 1/2. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ ಕೋಷ್ಟಕ ಮಕ್ಕಳ ನಾಲಿಗೆ ತುದಿಯಲ್ಲೇ ಇತ್ತು: 30°. ಇದೇ ರೆಫರೆನ್ಸ್ ಆಂಗಲ್, ಅಡ್ಡ ಗೆರೆಯಿಂದ ಅಳೆದ ಲಘುಕೋನ. ಆ ಗೆರೆಯ ಎರಡೂ ಬದಿಗೆ, ಮೇಲೂ ಕೆಳಗೂ 30 ಡಿಗ್ರಿ ಅಳೆದು ನಾಲ್ಕು ತ್ರಿಜ್ಯ ಎಳೆದಾಗ ವೃತ್ತದೊಳಗೆ ಚಿಟ್ಟೆ ರೆಕ್ಕೆ ಬಿಚ್ಚಿದಂತಾಯಿತು. ಈಗ ಅಂಗೈ ತೆಗೆದರು. ಸೈನ್ ಎಂದರೆ ತ್ರಿಜ್ಯ ವೃತ್ತವನ್ನು ಮುಟ್ಟುವ ಬಿಂದುವಿನ ಎತ್ತರ. ಮೈನಸ್ ಇದ್ದರೆ ಅದು ಅಡ್ಡ ಗೆರೆಯ ಕೆಳಗಿರಬೇಕು. ಹಾಗಾಗಿ ಮೂರನೆಯ ಮತ್ತು ನಾಲ್ಕನೆಯ ಚತುರ್ಥಕ. 180ಕ್ಕೆ 30 ಕೂಡಿಸಿದರೆ 210, 360ರಲ್ಲಿ 30 ಕಳೆದರೆ 330. ಒಂದೊಂದಕ್ಕೂ 360ರ ಸುತ್ತುಗಳನ್ನು ಸೇರಿಸುತ್ತ, ಕಳೆಯುತ್ತ ಹೋದರೆ ಉತ್ತರಗಳಿಗೆ ಕೊನೆಯೇ ಇಲ್ಲ. ಕ್ಯಾಲ್ಕುಲೇಟರಿನ −30 ಕೂಡ 330ರಿಂದ ಒಂದು ಸುತ್ತು ಹಿಂದಿನದು.

ಸಾಮಾನ್ಯ ಪರಿಹಾರದ ಸೂತ್ರವನ್ನೇ ಮೊದಲು ಬರೆಸಿ ಉರು ಹೊಡೆಸುವುದುಂಟು. ಮಕ್ಕಳಿಗೆ ಅದು ಅನ್ಯಾಯ. ಈ ವೃತ್ತವನ್ನು ಕಣ್ಣಾರೆ ಕಂಡವರು ಸೂತ್ರ ಮರೆತರೂ ದಾರಿ ತಪ್ಪುವುದಿಲ್ಲ.

ಈ ಉಪಾಯಕ್ಕೆ ನಮ್ಮಲ್ಲಿ ಬಹಳ ವಯಸ್ಸಾಗಿದೆ. 499ರ ಆರ್ಯಭಟೀಯದಲ್ಲಿ 225 ಕಲೆಗೊಂದರಂತೆ, ಅಂದರೆ 3¾ ಡಿಗ್ರಿಗೊಂದರಂತೆ 24 ಜ್ಯಾಗಳ (ಇಂದಿನ ಸೈನ್‌ಗಳ) ಲೆಕ್ಕವಿದೆ. ಅಷ್ಟೂ ಮೊದಲ 90 ಡಿಗ್ರಿಯೊಳಗೇ. ಉಳಿದ ಮುಕ್ಕಾಲು ವೃತ್ತಕ್ಕೆ ಸೂರ್ಯಸಿದ್ಧಾಂತ ದಾರಿ ಹೇಳುತ್ತದೆ: ಬೆಸ ಪಾದದಲ್ಲಿ (ಚತುರ್ಥಕದಲ್ಲಿ) ದಾಟಿ ಬಂದ ಭಾಗದ ಜ್ಯಾ, ಸಮ ಪಾದದಲ್ಲಿ ಇನ್ನೂ ದಾಟಬೇಕಾದ ಭಾಗದ ಜ್ಯಾ ಹಿಡಿಯಬೇಕು. 210 ಮೂರನೆಯ ಪಾದದಲ್ಲಿದೆ, ದಾಟಿದ್ದು 30. 330 ನಾಲ್ಕನೆಯದರಲ್ಲಿದೆ, ದಾಟಬೇಕಾದದ್ದು 30. ಗ್ರಹಗಳ ಸ್ಥಾನ ಹುಡುಕಿದವರೂ ಬೋರ್ಡಿನ ಮುಂದಿರುವ ಈ ಮಕ್ಕಳೂ ಮಾಡುತ್ತಿರುವುದು ಒಂದೇ ಲೆಕ್ಕ ಎಂಬುದು ನನಗೆ ದೊಡ್ಡ ಸಂತೋಷದ ಸಂಗತಿ.

"ಕಾಸ್ ಆದ್ರೆ ಮೇಡಂ?" ಕಿಟಕಿ ಪಕ್ಕದ ಹುಡುಗಿ ಕೇಳಿದಳು.

"ಅದು ಎಡ-ಬಲದ ಲೆಕ್ಕ ಕಣಮ್ಮ. ಮೈನಸ್ ಇದ್ರೆ ಎಡಗಡೆ ಹುಡುಕು." ಕಾಸ್ ಬೆಲೆ −1/2 ಎಂದಾಗ ಅವಳೇ 60 ಹಿಡಿದು, 120 ಮತ್ತು 240 ಎಂದಳು.

ಕೊನೆಗೆ ವರ್ಗವಿರುವ ಸಮೀಕರಣ: ಸೈನ್ ವರ್ಗದ ಎರಡರಷ್ಟಕ್ಕೆ ಸೈನ್ ಕೂಡಿಸಿ 1 ಕಳೆದರೆ ಸೊನ್ನೆ. ಅಪವರ್ತಿಸಿದಾಗ ಸೈನ್ 1/2 ಆಗಬೇಕು, ಇಲ್ಲವೇ −1. ಮೊದಲನೆಯದಕ್ಕೆ 30, 150. ಎರಡನೆಯದಕ್ಕೆ ಹುಡುಗಿ 180ಕ್ಕೆ 90 ಕೂಡಿಸಿದಳು, 360ರಲ್ಲಿ 90 ಕಳೆದಳು. ಎರಡೂ 270.

"ಹಾಗಾದ್ರೆ ಒಟ್ಟು ಉತ್ತರ ಮೂರೇನಾ ಮೇಡಂ?"

"ಮೂರೇ. ಆ ಎತ್ತರದ ಗೆರೆ ವೃತ್ತವನ್ನ ಕೆಳಗಡೆ ಮುಟ್ಟುತ್ತೆ ಅಷ್ಟೇ, ಕತ್ತರಿಸಲ್ಲ."