ನೀರಿಗೆ ಅಂಜುವ ಇಂಧನ

ಶಿರಸಿ, ಸಿದ್ದಾಪುರಗಳ ವಿದ್ಯಾರ್ಥಿಗಳು ಕೈಗಾದ ಹೆಸರನ್ನು ಕೇಳದೆ ಇರಲಾರರು. ಯಲ್ಲಾಪುರದಿಂದ ಕಾಡುದಾರಿ ಹಿಡಿದು ಘಟ್ಟವಿಳಿದರೆ, ಕಾಳೀ ನದಿಯ ದಂಡೆಯಲ್ಲಿ ಆ ಅಣುವಿದ್ಯುತ್ ಸ್ಥಾವರವಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ಅದರ ನಾಲ್ಕು ರಿಯಾಕ್ಟರುಗಳಿಗೆ ಇಂಧನವೆಂದರೆ ಯುರೇನಿಯಂ ಆಕ್ಸೈಡಿನ ಪುಟ್ಟ ಬಿಲ್ಲೆಗಳು. ಆದರೆ ಕೆಲವು ಗುಣಗಳಲ್ಲಿ ಆಕ್ಸೈಡನ್ನು ಮೀರಿಸುವ ವಸ್ತು ಬೇರೊಂದುಂಟು. ಅದೇ ಯುರೇನಿಯಂ ಕಾರ್ಬೈಡ್. ಅದನ್ನೇಕೆ ಕೈಗಾದಲ್ಲಿ ಬಳಸುವುದಿಲ್ಲ?

ಮೊದಲು ಅದರ ಗುಣಗಳನ್ನು ನೋಡೋಣ. ಇದರಲ್ಲಿ ಯುರೇನಿಯಂ ಮತ್ತು ಇಂಗಾಲದ ಪರಮಾಣುಗಳು ಅಡಿಗೆ ಉಪ್ಪಿನ ಹರಳಿನಲ್ಲಿರುವಂತೆ ಒಂದಕ್ಕೊಂದು ಜೋಡಣೆಗೊಂಡಿವೆ. ಪಿಂಗಾಣಿಯಂತೆ ಗಡುಸಾದ, ಪೆಡಸಾದ ಈ ವಸ್ತು ಕರಗಲು ಸುಮಾರು 2,500 ಸೆಂಟಿಗ್ರೇಡ್ ಡಿಗ್ರಿ ಉಷ್ಣತೆ ಬೇಕು. ಆಕ್ಸೈಡು ಇನ್ನೂ ಹೆಚ್ಚಿನ ಉಷ್ಣತೆಯನ್ನು ತಾಳುತ್ತದೆ, ನಿಜ. ಆದರೆ ಆಕ್ಸೈಡಿನ ಸಾಂದ್ರತೆ ಸುಮಾರು 11 ಆದರೆ ಕಾರ್ಬೈಡಿನದು 13.6, ಅಷ್ಟೇ ಜಾಗದಲ್ಲಿ ಹೆಚ್ಚು ಯುರೇನಿಯಂ ಹಿಡಿಸುತ್ತದೆ. ಕಾರ್ಬೈಡಿನ ಉಷ್ಣವಾಹಕತೆಯಂತೂ ಹಲವು ಪಟ್ಟು ಹೆಚ್ಚು. ಆದ್ದರಿಂದ ಬಿಲ್ಲೆಯ ನಡುವೆ ಹುಟ್ಟಿದ ಶಾಖ ಅಲ್ಲಿಯೇ ನಿಲ್ಲದೆ ಬೇಗನೆ ಹೊರಗೆ ಹರಿಯುತ್ತದೆ.

ಇನ್ನು ದೋಷ. ಬೆಸುಗೆಯ ಅಂಗಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಗಲಿದೊಡನೆ ಅಸಿಟಿಲೀನ್ ಅನಿಲ ಬುರಬುರನೆ ಏಳುವುದನ್ನು ನೀವು ಕಂಡಿರಬಹುದು. ಯುರೇನಿಯಂ ಕಾರ್ಬೈಡಿಗೂ ನೀರೆಂದರೆ ಆಗದು. ಬಿಸಿನೀರು ಸೋಕಿದರೆ ಅದು ಮುಖ್ಯವಾಗಿ ಮೀಥೇನನ್ನೂ ಜಲಜನಕವನ್ನೂ ಹೊರಬಿಟ್ಟು, ತಾನು ಆಕ್ಸೈಡಾಗಿ ಪುಡಿಯಾಗುತ್ತದೆ.

ಕೈಗಾದಲ್ಲಿ ಇಂಧನದ ಶಾಖವನ್ನು ಒಯ್ಯುವುದು ಭಾರಜಲ. ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ಭದ್ರವಾಗಿರುವ ಬಿಲ್ಲೆಗಳ ಸುತ್ತ, ಒತ್ತಡಕ್ಕೊಳಗಾದ ಆ ನೀರು ಸುಮಾರು 290 ಡಿಗ್ರಿಯವರೆಗೆ ಕಾದು ಹರಿಯುತ್ತದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆಕ್ಸೈಡಿನ ಬಿಲ್ಲೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆ ಜಾಗದಲ್ಲಿ ಕಾರ್ಬೈಡ್ ಇದ್ದಿದ್ದರೆ ಶಿಥಿಲವಾಗಿ, ತನ್ನೊಳಗಿನ ವಿಕಿರಣಶೀಲ ವಸ್ತುಗಳನ್ನು ನೀರಿಗೆ ಬಿಟ್ಟುಬಿಡುತ್ತಿತ್ತು.

ತಯಾರಿಕೆಯೂ ಸುಲಭವಲ್ಲ. ಇದರ ನಯವಾದ ಪುಡಿ ಗಾಳಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಯುರೇನಿಯಂ ದೇಹವನ್ನು ಸೇರಿದರೆ ಮೂತ್ರಪಿಂಡಗಳಿಗೆ ವಿಷ. ಆದ್ದರಿಂದ ಕೆಲಸವೆಲ್ಲ ಆರ್ಗಾನಿನಂತಹ ಜಡಾನಿಲ ತುಂಬಿದ ಮುಚ್ಚಿದ ಪೆಟ್ಟಿಗೆಗಳೊಳಗೆ, ಅವಕ್ಕೇ ಜೋಡಿಸಿದ ಕೈಗವಸುಗಳ ಮೂಲಕ ನಡೆಯಬೇಕು.

ಹಾಗೆಂದು ಕಾರ್ಬೈಡ್ ನಿರುಪಯೋಗಿಯಲ್ಲ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 1985ರ ಅಕ್ಟೋಬರ್ 18ರಂದು ಚಾಲನೆಗೊಂಡ ಪರೀಕ್ಷಾ ರಿಯಾಕ್ಟರಿನಲ್ಲಿ ಶಾಖವನ್ನು ಒಯ್ಯುವುದು ನೀರಲ್ಲ, ದ್ರವ ಸೋಡಿಯಂ. ಸೋಡಿಯಮ್ಮಿನೊಡನೆ ಕಾರ್ಬೈಡಿಗೆ ಜಗಳವಿಲ್ಲ. ಅಲ್ಲಿ ಪ್ಲುಟೋನಿಯಂ ಮತ್ತು ಯುರೇನಿಯಂಗಳ ಮಿಶ್ರ ಕಾರ್ಬೈಡೇ ಇಂಧನವಾಗಿ ಯಶಸ್ವಿಯಾಯಿತು. ಆದರೂ ಅದೇ ಊರಿನ 500 ಮೆಗಾವಾಟಿನ ದೊಡ್ಡ ರಿಯಾಕ್ಟರಿಗೆ, ತಯಾರಿಸಲು ಸುಲಭವಾದ ಆಕ್ಸೈಡನ್ನೇ ಗೊತ್ತುಮಾಡಿದರು.

ಒಂದು ವಸ್ತುವಿನ ಯೋಗ್ಯತೆಯನ್ನು ಅದರ ಗುಣಗಳ ಪಟ್ಟಿಯಿಂದಲೇ ಅಳೆಯಲಾಗದು. ಅದು ಯಾವುದರ ನೆರೆಯಲ್ಲಿ ಬಾಳಬೇಕೆಂಬುದನ್ನೂ ನೋಡಬೇಕು. ಕಾಳೀ ದಂಡೆಯ ಸ್ಥಾವರದಲ್ಲಿ ಆಕ್ಸೈಡು ಗೆದ್ದುದು ಶ್ರೇಷ್ಠವೆಂದಲ್ಲ, ನೀರಿನೊಡನೆ ಹೊಂದಿಕೊಂಡು ಬಾಳಬಲ್ಲುದೆಂದು.