ಗುಬ್ಬಿ ಕಂಪನಿಯ ಕುರುಕ್ಷೇತ್ರ ನಾಟಕದ ಪ್ರಾಣಿಗಳು

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪನೆಗೊಂಡ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು 1934ರಲ್ಲಿ ಪ್ರಯೋಗಿಸಿದ 'ಕುರುಕ್ಷೇತ್ರ' ನಾಟಕವು ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದುದಕ್ಕಾಗಿ ಪ್ರಸಿದ್ಧವಾಗಿದೆ. ಆಗ ಕಂಪನಿಯ ಒಡೆಯರಾಗಿದ್ದವರು ಗುಬ್ಬಿ ವೀರಣ್ಣ (1891–1972).

ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕಲಾಗದು. ಮಹಾಭಾರತದ ಕಥೆಯಲ್ಲಿ ಪ್ರಾಣಿಗಳೂ ಪಾತ್ರಗಳೇ. ಭೀಮನು ಕೊಂದ ಅಶ್ವತ್ಥಾಮನೆಂಬ ಆನೆಯ ಹೆಸರು ಕೇಳಿ, ಮಗನೇ ಮಡಿದನೆಂದು ಬಗೆದು ದ್ರೋಣನು ಶಸ್ತ್ರ ಕೆಳಗಿಟ್ಟನು. ಧರ್ಮರಾಯನಿಗೆ ಸುಳ್ಳಿನ ಕಳಂಕ ತಟ್ಟಿತು. ಭಗದತ್ತನ ಆನೆ ಸುಪ್ರತೀಕವು ತನ್ನ ಒಡೆಯನಷ್ಟೇ ಹೆಸರುವಾಸಿ. ಸೈಂಧವನ ವಧೆಯ ದಿನ, ಕಾಳಗದ ನಡುವೆಯೇ ಕೃಷ್ಣನು ಬಳಲಿದ ಕುದುರೆಗಳನ್ನು ರಥದಿಂದ ಬಿಚ್ಚಿ, ಮೈಗೆ ನಾಟಿದ ಬಾಣಗಳನ್ನು ಕಿತ್ತು, ನೀರು ಕುಡಿಸಿದ ಪ್ರಸಂಗವಂತೂ ಇಡೀ ಯುದ್ಧಕಥೆಯಲ್ಲಿ ಅತ್ಯಂತ ಆಪ್ತವಾದುದು.

1988ರಲ್ಲಿ ದೂರದರ್ಶನದಲ್ಲಿ ಆರಂಭವಾದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿಯು ಆನೆ, ಕುದುರೆಗಳ ರಣರಂಗವನ್ನು ಮನೆಮನೆಗೆ ತಲುಪಿಸಿತು. ಗುಬ್ಬಿ ಕಂಪನಿಯ ಪ್ರೇಕ್ಷಕರು ಅವುಗಳನ್ನು ಅರ್ಧ ಶತಮಾನಕ್ಕೂ ಮೊದಲೇ ಕಣ್ಣೆದುರಿಗೆ ಕಂಡಿದ್ದರು. ಚಿತ್ರೀಕರಣದಲ್ಲಿ ಕೆಟ್ಟ ದೃಶ್ಯವನ್ನು ಮತ್ತೆ ತೆಗೆಯಬಹುದು. ರಂಗಭೂಮಿಯಲ್ಲಿ ಆ ಅವಕಾಶವಿಲ್ಲ. ವಾದ್ಯ, ದೀಪ, ಜನರ ಗದ್ದಲಗಳ ನಡುವೆ ಆನೆ ಬೆದರದಂತೆ ನೋಡಿಕೊಳ್ಳುವುದು ಪ್ರತಿ ರಾತ್ರಿಯ ಹೊಣೆಯಾಗಿರುತ್ತದೆ.